ಬೀರುವಿನೊಳಗಿನ ದನಿ

ಆರ್.ಟಿ. ನಗರದ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ಇದೆ. ತಾಯಿ ಯಶವಂತಪುರದ ಆಚೆ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳು ಬಿ.ಕಾಂ. ಎರಡನೇ ವರ್ಷ. ಒಂದು ಭಾನುವಾರ ಮಧ್ಯಾಹ್ನ ತಾಯಿ ಮೆಟ್ಟಿಲಿಳಿದು ಬಂದು, "ಮೇಡಂ, ಒಂಚೂರು ಮೇಲೆ ಬನ್ನಿ. ಇವಳು ಬೀರು ಒಳಗೆ ತಲೆ ಹಾಕ್ಕೊಂಡು ಯಾರನ್ನೋ ಬೈತಾ ಕೂತಿದಾಳೆ" ಅಂದರು. ಹೋಗಿ ನೋಡಿದರೆ ಬೀರುವಿನ ಎರಡೂ ಬಾಗಿಲು ತೆರೆದಿತ್ತು. ನೇತುಹಾಕಿದ ಸೀರೆಗಳ ನಡುವೆ ಜಾಗ ಮಾಡಿಕೊಂಡು, ಮಡಿಸಿಟ್ಟ ರಗ್ಗಿನ ಮೇಲೆ ಮೊಬೈಲ್ ಇಟ್ಟು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹುಡುಗಿ ಮಂಡಿಯೂರಿ ಕೂತಿದ್ದಳು. ಬೆನ್ನು ಬೆವರಿ ಒದ್ದೆಯಾಗಿತ್ತು.

"ಬೈತಿಲ್ಲ ಆಂಟಿ, ರೆಕಾರ್ಡ್ ಮಾಡ್ತಿದೀನಿ. ಬರೀ ಗೋಡೆ ಇದ್ರೆ ದನಿ ಗುಂಯ್ ಅನ್ನತ್ತೆ. ಇಲ್ಲಾದ್ರೆ ಸೀರೆ ಎಲ್ಲಾ ಹೀರ್ಕೊಳತ್ತೆ."

ಸ್ಟುಡಿಯೋಗೆ ದುಡ್ಡಿಲ್ಲದವರು ಹೀಗೆ ರೆಕಾರ್ಡ್ ಮಾಡುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ಮಾಡಿದ್ದ ಹಾಡನ್ನು ಕೇಳಿಸಿದಳು. ಅದರಲ್ಲಿ ರಾಗವಿಲ್ಲ, ಪಲ್ಲವಿ ಇದ್ದರೂ ಇಲ್ಲದಂತೆ ಇತ್ತು. ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವಾಗ ಹಿಂದೆ ಬಂದು ನಿಲ್ಲುವವರ ಬಗ್ಗೆ, ತಾಯಿಯ ಫ್ಯಾಕ್ಟರಿಯಲ್ಲಿ ಗಂಟೆಗಂಟೆಗೆ ಕೇಳುವ 'ಪ್ರೊಡಕ್ಷನ್' ಬಗ್ಗೆ, ಮದುವೆ ಯಾವಾಗ ಎಂದು ಕೇಳುವ ನೆಂಟರ ಬಗ್ಗೆ ಬಡಬಡನೆ ಬರುವ ಮಾತು. ಮಾತಿನ ಅಡಿಯಲ್ಲಿ ಒಂದೇ ಸಮನೆ ಬಡಿಯುವ ತಾಳ. ಕೊನೆಯಲ್ಲಿ ಅವಳು ತಾನೇ ಇಟ್ಟುಕೊಂಡ ಒಂದು ಹೆಸರು ಹೇಳಿ ನಿಲ್ಲಿಸಿದಳು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಯಾವಾಗ, ಯಾರ ಮುಂದೆ ಹೇಳಬೇಕೆಂಬುದು ಅವಳ ಹಕ್ಕು.

ಅಂದಿನಿಂದ ಇಂಥ ರ‍್ಯಾಪ್ ಹಾಡುಗಳ ಹಿಂದೆ ಬಿದ್ದಿದ್ದೇನೆ. ನನ್ನ ವಯಸ್ಸಿನ ಹಲವರಿಗೆ ರ‍್ಯಾಪ್ ಅಂದರೆ ಕುಡಿತ, ಕಾರು, ಹುಡುಗಿಯ ಸೊಂಟ. ಕನ್ನಡದಲ್ಲಿ ಜನಪ್ರಿಯವಾದ ಎಷ್ಟೋ ರ‍್ಯಾಪ್ ಹಾಡುಗಳು ಆ ಅಭಿಪ್ರಾಯಕ್ಕೆ ಕಾರಣವನ್ನೂ ಕೊಟ್ಟಿವೆ. ಹಾಗಾಗಿ ಸ್ತ್ರೀವಾದಕ್ಕೂ ರ‍್ಯಾಪ್ ಸೇರಿದ ಹಿಪ್‌ಹಾಪ್‌ಗೂ ಏನು ಸಂಬಂಧ ಎಂದು ಕೇಳುವವರ ಅನುಮಾನ ನನಗೆ ಅರ್ಥವಾಗುತ್ತದೆ. ಆದರೆ ಸಂಬಂಧ ಮೊದಲ ದಿನದಿಂದಲೂ ಇದೆ.

ಹಿಪ್‌ಹಾಪ್ ಹುಟ್ಟಿದ ದಿನ ಎಂದು ಲೋಕ ಒಪ್ಪಿಕೊಂಡಿರುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್ವಿಕ್ ಅವೆನ್ಯೂ ಎಂಬ ವಿಳಾಸದ ಬಹುಮಹಡಿ ಕಟ್ಟಡದ ಕೆಳಗಿನ ಸಭಾಕೋಣೆಯಲ್ಲಿ ಒಂದು ಪಾರ್ಟಿ ನಡೆಯಿತು. ಎರಡು ಟರ್ನ್‌ಟೇಬಲ್‌ಗಳಲ್ಲಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ತಾಳವಾದ್ಯ ಮಾತ್ರ ಬರುವ ತುಣುಕನ್ನು ಹಿಗ್ಗಿಸಿ ಹಿಗ್ಗಿಸಿ ನುಡಿಸಿದ ಡಿಜೆ ಕೂಲ್ ಹರ್ಕ್‌ನ ಹೆಸರು ಇತಿಹಾಸದಲ್ಲಿ ದಪ್ಪ ಅಕ್ಷರದಲ್ಲಿದೆ. ಆದರೆ ಆ ಪಾರ್ಟಿ ಏರ್ಪಡಿಸಿದವಳು ಅವನ ತಂಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಅವಳಿಗೆ ದುಡ್ಡು ಬೇಕಿತ್ತು. ಆಹ್ವಾನದ ಚೀಟಿಗಳನ್ನು ಕೈಯಲ್ಲಿ ಬರೆದು ಹಂಚಿದರು. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್.

ಮುಂದೆ 1979ರಲ್ಲಿ ರ‍್ಯಾಪನ್ನು ಬೀದಿಯಿಂದ ರೇಡಿಯೋಗೆ ತಂದ ಮೊದಲ ದೊಡ್ಡ ಹಾಡನ್ನು ನಿರ್ಮಿಸಿದವಳೂ ಹೆಣ್ಣೇ: ಸಿಲ್ವಿಯಾ ರಾಬಿನ್ಸನ್. 1984ರಲ್ಲಿ ಗಂಡುಹುಡುಗರ ತಂಡವೊಂದು, ತಮ್ಮನ್ನು ತಿರುಗಿಯೂ ನೋಡದ ರೊಕ್ಸಾನ್ ಎಂಬ ಕಾಲ್ಪನಿಕ ಹುಡುಗಿಯ ಮೇಲೆ ಹಾಡು ಕಟ್ಟಿ ಗೆದ್ದಿತ್ತು. ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ಬೆಳೆದ 14ರ ಹುಡುಗಿಯೊಬ್ಬಳು ಆ ರೊಕ್ಸಾನ್ ನಾನೇ ಎಂದು ಉತ್ತರ ಕೊಟ್ಟಳು. ಬಟ್ಟೆ ಒಗೆಯಲು ಹೊರಟಿದ್ದವಳು ದಾರಿಯಲ್ಲಿ ಪರಿಚಯದವನ ಮನೆಗೆ ಹೋಗಿ ಹಾಡಿ ಬಂದೆ ಎಂದು, ರೊಕ್ಸಾನ್ ಶಾಂಟೆ ಎಂದೇ ಹೆಸರಾದ ಆ ಹುಡುಗಿ ಆಮೇಲೆ ಹೇಳಿಕೊಂಡಿದ್ದಾಳೆ. 1993ರಲ್ಲಿ ಕ್ವೀನ್ ಲತೀಫಾ ಬೀದಿಯಲ್ಲಿ ಹೆಣ್ಣಿನ ಮೈಮುಟ್ಟುವುದನ್ನೂ ಮನೆಯಲ್ಲಿ ಹೊಡೆಯುವುದನ್ನೂ ಒಂದೇ ಹಾಡಿನಲ್ಲಿ ಎದುರಿಸಿದಳು. ಎರಡು ವರ್ಷದ ನಂತರ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು.

ಇಷ್ಟು ದೂರದ ಕಥೆ ಸಾಕು. ನನ್ನನ್ನು ಹೆಚ್ಚು ಕಾಡಿದ್ದು ನಮ್ಮದೇ ನೆಲದ ಇನ್ನೊಂದು ಕಥೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಹಾಡಿಕೆ ಕೇಳಿದವರಿಗೆ ರ‍್ಯಾಪ್ ಬ್ಯಾಟಲ್ ಎಂದರೇನು ಎಂದು ಬೇರೆ ವಿವರಿಸಬೇಕಿಲ್ಲ. ಎರಡು ಮೇಳ ಎದುರುಬದುರು. ಹರದೇಶಿಯವರು ಹರನ ಪಕ್ಷ, ಗಂಡು ಹೆಚ್ಚು ಎಂದು ಹಾಡುವವರು. ಅವರ ಗುರುತು ತುರಾಯಿ. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣು ಹೆಚ್ಚು ಎಂದು ಹಾಡುವವರು. ಅವರ ಗುರುತು ಕಲ್ಗಿ. ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ, ತಾಳ. ಮುಮ್ಮೇಳದವರು ಒಂದು ಸಾಲು ಎಸೆದರೆ ಹಿಮ್ಮೇಳದವರು ಗೀಗೀ ಎಂದು ಎತ್ತಿಕೊಳ್ಳುತ್ತಾರೆ. ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡಬೇಕು. ಜವಾಬು ತಡವಾದರೆ, ಪ್ರಾಸ ಎಡವಿದರೆ, ಪುರಾಣದ ಆಧಾರ ತಪ್ಪಿದರೆ ಕೂತ ಜನ ಕೇಕೆ ಹಾಕುತ್ತಾರೆ. ರಾತ್ರಿ ಶುರುವಾಗಿ ಬೆಳಕು ಹರಿಯುವತನಕ ನಡೆಯುತ್ತದೆ.

ಒಂದು ಊರು ಇಡೀ ರಾತ್ರಿ ಎದ್ದು ಕೂತು ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ವಾದ ಕೇಳುತ್ತದೆ. ಹಲವು ಕಡೆ ನಾಗೇಶಿ ಪಕ್ಷವನ್ನು ಈಗ ಹೆಣ್ಣುಮಕ್ಕಳೇ ಮುಂದೆ ನಿಂತು ಹಾಡುತ್ತಾರೆ. ದಪ್ಪನ್ನು ಮೊಳಕೈ ಮೇಲೆ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿನ ಗಂಡಸಿನ ಮುಖಕ್ಕೆ ನೇರ ಮಾತು. ಜನ ನಗುತ್ತಾರೆ, ನೋಟು ಕೊಡುತ್ತಾರೆ, ಬೆಳಗ್ಗೆ ಎದ್ದು ಹೊಲಕ್ಕೆ ಹೋಗುತ್ತಾರೆ. ಇಂಥ ಕಲೆ ಇರುವ ನಾಡಿನಲ್ಲಿ ಹೆಣ್ಣು ಬಾಯಿಜೋರಾಗಿ ತಾಳಕ್ಕೆ ಮಾತಾಡುವುದು ಅಮೆರಿಕದಿಂದ ಬಂದ ರೋಗ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಹಾಗೆಂದು ಎರಡೂ ಒಂದೇ ಎನ್ನಲಾರೆ. ನಾಗೇಶಿಯ ಹಾಡುಗಾರ್ತಿ ಹೆಣ್ಣಿನ ಪರ ವಾದಿಸುವಾಗ ಪಾರ್ವತಿಯನ್ನು, ಆದಿಶಕ್ತಿಯನ್ನು, ದ್ರೌಪದಿಯನ್ನು ಕರೆತರುತ್ತಾಳೆ. ತನ್ನ ಗಂಡ ನಿನ್ನೆ ರಾತ್ರಿ ಹೊಡೆದದ್ದನ್ನು ಅಲ್ಲಿ ಹೇಳಲು ಆಗುವುದಿಲ್ಲ. ಅವಳು 'ಹೆಣ್ಣು' ಎಂಬುದರ ವಕೀಲಳು. 'ನಾನು' ಎಂಬುದಕ್ಕೆ ಆ ವೇದಿಕೆಯಲ್ಲಿ ಜಾಗ ಕಡಿಮೆ.

'ನಾನು' ಇದ್ದದ್ದು ಬೀಸುವ ಕಲ್ಲಿನ ಮುಂದೆ. ಬೆಳಗಿನ ಜಾವ ರಾಗಿ, ಜೋಳ ಬೀಸುತ್ತಾ ತವರು, ಅತ್ತೆ, ಸವತಿ, ಸತ್ತ ಮಗು ಎಲ್ಲವನ್ನೂ ಹಾಡಿಕೊಂಡವರು ನಮ್ಮ ಅಜ್ಜಿಯರು. ಕಲ್ಲಿನ ಸುತ್ತೇ ಅವರ ಬೀಟ್. ಬಿಜಾಪುರದ ಸೂಫಿಗಳು 17ನೇ ಶತಮಾನದಲ್ಲಿ ದಖನಿಯಲ್ಲಿ ಕಟ್ಟಿದ ಚಕ್ಕಿನಾಮಾಗಳೂ ಹೀಗೇ ಬೀಸುವ ಹೆಂಗಸರ ಬಾಯಲ್ಲಿ ಉಳಿದವು. ಇಂದಿಗೂ ನಮ್ಮ ಆರ್.ಟಿ. ನಗರ, ನಾಗವಾರ, ಡಿ.ಜೆ. ಹಳ್ಳಿಯ ಓಣಿಗಳಲ್ಲಿ ಕೇಳುವ ದಖನಿ ಆ ನುಡಿಯ ಮೊಮ್ಮಗಳು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಹಳ್ಳಿಯ ಹೆಂಗಸರಿಂದ ಕೇಳಿ ಬರೆದುಕೊಂಡು, 1930ರ ದಶಕದಲ್ಲಿ 'ಗರತಿಯ ಹಾಡು' ಎಂದು ಪುಸ್ತಕ ಮಾಡಿದರು. ಆ ಪುಣ್ಯಾತ್ಮರು ಬರೆದಿಡದಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಎಂಬ ಸಂಗ್ರಾಹಕರ ಹೆಸರು ನಮಗೆಲ್ಲ ಬಾಯಿಪಾಠ. ಹಾಡಿದ ಗರತಿಯರಲ್ಲಿ ಒಬ್ಬಳ ಹೆಸರನ್ನಾದರೂ ಹೇಳಿ ನೋಡೋಣ.

ವಚನಗಳ ಕಾಲದಲ್ಲೂ ಹೆಸರಿನ ಈ ಗಂಟು ಇದೆ. ಆಯ್ದಕ್ಕಿ ಲಕ್ಕಮ್ಮ ಗಂಡನನ್ನೇ ತಿದ್ದಿದ ಗಟ್ಟಿಗಿತ್ತಿ. ಆದರೂ ಅವಳ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರು ಅಂಕಿತದೊಳಗೇ ಕೂತಿದೆ. ಅದನ್ನು ಇಂದಿನ ಕಣ್ಣಿನಿಂದ ಅಳೆಯುವುದು ನ್ಯಾಯವಲ್ಲ, ಆ ಕಾಲದ ಭಕ್ತಿಗೆ ಬೇರೆಯೇ ಲೆಕ್ಕವಿತ್ತು. ಆದರೂ ಬೀರುವಿನೊಳಗಿನ ಹುಡುಗಿ ಕೊನೆಯಲ್ಲಿ ಅಪ್ಪನದೂ ಅಲ್ಲದ, ಆಗಬಹುದಾದ ಗಂಡನದೂ ಅಲ್ಲದ ಒಂದು ಹೆಸರನ್ನು ಅಂಕಿತದ ಜಾಗದಲ್ಲಿ ಇಟ್ಟಾಗ ನನಗೆ ಲಕ್ಕಮ್ಮ ನೆನಪಾದಳು. ಇಂದಿನ ಹೆಣ್ಣು ರ‍್ಯಾಪರ್‌ಗಳು ಹೆಸರಿಟ್ಟುಕೊಳ್ಳುವ ರೀತಿ ನೋಡಿ. ಮುಂಬೈನ ವೈಲ್ಡ್ ವೈಲ್ಡ್ ವಿಮೆನ್ ಎಂಬ ಹೆಣ್ಣುಮಕ್ಕಳದೇ ಹಿಪ್‌ಹಾಪ್ ತಂಡದಲ್ಲಿ ಒಬ್ಬಾಕೆ 'ಎಂಸಿ ಮಹಿಳಾ', ಇನ್ನೊಬ್ಬಾಕೆ 'ಕ್ರಾಂತಿನಾರಿ'. ಕ್ರಾಂತಿನಾರಿಯ ನಿಜ ಹೆಸರು ಅಶ್ವಿನಿ ಹಿರೇಮಠ. ಮನೆತನದ ಹೆಸರು ಕೇಳಿದರೆ ಉತ್ತರ ಕರ್ನಾಟಕದವರ ಕಿವಿ ನೆಟ್ಟಗಾಗುತ್ತದೆ.

ನಮ್ಮ ಬೆಂಗಳೂರಿನ ಸಿರಿ ನಾರಾಯಣ್ 'ಸಿರಿ' ಎಂದೇ ಹಾಡುತ್ತಾರೆ. ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ಸಲೀಸಾಗಿ ದಾಟುವ ನಾಲಿಗೆ ಅವರದು. ರ‍್ಯಾಪರ್ ರಾಜಾ ಕುಮಾರಿ, ಮುಂಬೈನ ಡೀ ಎಂಸಿ, ಶಿಲ್ಲಾಂಗಿನ ಮೆಬಾ ಒಫಿಲಿಯಾ ಜೊತೆಗೂಡಿ ಮಾಡಿದ 'ರಾಣಿ ಸೈಫರ್'ನಲ್ಲೂ ಸಿರಿ ಇದ್ದಾರೆ. ಸೈಫರ್ ಅಂದರೆ ಸುತ್ತ ನಿಂತು ಒಬ್ಬರಾದ ಮೇಲೆ ಒಬ್ಬರು ಹಾಡುವ ವರ್ತುಲ. ನೃತ್ಯದ ಕಡೆ ಬೆಂಗಳೂರಿನ ಜೊಹಾನಾ ರಾಡ್ರಿಗಸ್, 'ಬಿ-ಗರ್ಲ್ ಜೋ' ಎಂಬ ಹೆಸರಿನಲ್ಲಿ ಬ್ರೇಕಿಂಗ್ ಮಾಡುತ್ತಾರೆ. ನೆಲಕ್ಕೆ ಕೈಯೂರಿ ಕಾಲು ಗಾಳಿಗೆ ತೂರುವ ಆ ಕುಣಿತ ಹುಡುಗರದ್ದೇ ಎಂದುಕೊಂಡಿದ್ದ ಊರಿನಲ್ಲಿ ಅವರನ್ನು ನೋಡಿ ಕಲಿಯಲು ಬರುವ ಹುಡುಗಿಯರಿದ್ದಾರೆ. ಆದರೂ ಲೆಕ್ಕ ನೇರವಾಗಿ ಹೇಳಬೇಕು. ಬ್ರೋಧಾ ವಿ, ಆಲ್ ಓಕೆ, ಚಂದನ್ ಶೆಟ್ಟಿ, ಎಂಸಿ ಬಿಜ್ಜು, ರಾಹುಲ್ ಡಿಟ್-ಓ, ಗುಬ್ಬಿ ಎಂದು ಬೆಂಗಳೂರಿನ ಗಂಡುಮಕ್ಕಳ ಪಟ್ಟಿ ಉಸಿರು ಬಿಡದೆ ಹೇಳಬಹುದು. ಕನ್ನಡದಲ್ಲಿ ಹಾಡುವ ಹೆಣ್ಣುಮಕ್ಕಳ ಪಟ್ಟಿಗೆ ಒಂದು ಕೈಯ ಬೆರಳು ಸಾಕಾಗುತ್ತದೆ.

ಪ್ರತಿಭೆ ಇಲ್ಲವೆಂದಲ್ಲ. ಭಾಷೆಯ ತೊಡಕೂ ಅಲ್ಲ. ಈ ಕೆಲಸಕ್ಕೆ ಕನ್ನಡ ಎಷ್ಟು ಒದಗುತ್ತದೆ ಎಂದು ಆ ಹುಡುಗಿಯ ಪಕ್ಕ ಕೂತಾಗ ನನಗೆ ಗೊತ್ತಾಯಿತು. ಒಂದು ವರ್ಸ್ ಅಂದರೆ ಸಾಮಾನ್ಯವಾಗಿ 16 ಬಾರ್, ಒಂದೊಂದು ಬಾರ್‌ಗೆ ನಾಲ್ಕು ಬೀಟ್. ನಿಮಿಷಕ್ಕೆ 90 ಬೀಟ್ ಓಡಿದರೆ ಇಡೀ ವರ್ಸ್ ಮುಗಿಯಲು ಸುಮಾರು 43 ಸೆಕೆಂಡ್. ನಾಲ್ಕು ನಾಲ್ಕು ಮಾತ್ರೆಯ ಗಣಗಳಲ್ಲಿ ಓಡುವ ಮಂದಾನಿಲ ರಗಳೆ ನಮಗೆ ಹರಿಹರನ ಕಾಲದಿಂದ ಗೊತ್ತು. ಹಾಗಾಗಿ ತಾಳ ಕನ್ನಡದ ಮೈಗೆ ಹೊಸತಲ್ಲ. ಕಷ್ಟ ಇರುವುದು ಪ್ರಾಸದಲ್ಲಿ. ನಮ್ಮ ಕ್ರಿಯಾಪದಗಳು ವಾಕ್ಯದ ಕೊನೆಗೆ ಬಂದು ಒಂದೇ ಥರ ಮುಗಿಯುತ್ತವೆ: ಬರ್ತೀನಿ, ಹೋಗ್ತೀನಿ, ನೋಡ್ತೀನಿ. ಅಂತ್ಯಪ್ರಾಸ ಬಿಟ್ಟಿ ಸಿಗುತ್ತದೆ, ಹಾಗಾಗಿ ಬೇಗ ಸಪ್ಪೆಯಾಗುತ್ತದೆ. "ಕೊನೇಲಿ ಹೊಂದಿಸೋದು ಎಲ್ರೂ ಮಾಡ್ತಾರೆ ಆಂಟಿ, ಒಳಗೆ ಹೊಂದಿಸ್ಬೇಕು" ಎಂದು ಅವಳು ಹೇಳಿ, ಸಾಲುಗಳ ಎರಡನೇ ಅಕ್ಷರಗಳಿಗೆ ಗುರುತು ಹಾಕಿ ತೋರಿಸಿದಳು. ಅದು ನಮ್ಮ ಆದಿಪ್ರಾಸ. ಪಂಪನಿಂದ ಹಿಡಿದು ಹಳಗನ್ನಡದ ಕವಿಗಳು ಪಾಲಿಸಿದ ನಿಯಮವನ್ನು ಈ ಹುಡುಗಿ ಯಾವ ಪಠ್ಯದ ಹಂಗೂ ಇಲ್ಲದೆ ಕಿವಿಯಿಂದಲೇ ಕಂಡುಕೊಂಡಿದ್ದಳು.

ವ್ಯಾಕರಣದ ಇನ್ನೊಂದು ಸಂಗತಿ ನನ್ನ ನಿದ್ದೆಗೆಡಿಸಿತು. ಹಿಂದಿಯಲ್ಲಿ ರ‍್ಯಾಪ್ ಮಾಡುವ ಹೆಣ್ಣು 'ನಾನು ಬರುತ್ತೇನೆ' ಅನ್ನಬೇಕಾದರೆ 'ಆತೀ ಹೂಂ' ಅನ್ನಬೇಕು, ಬಾಯಿ ತೆರೆದ ಕೂಡಲೇ ಕ್ರಿಯಾಪದವೇ ಅವಳು ಹೆಣ್ಣೆಂದು ಸಾರುತ್ತದೆ. ಕನ್ನಡದಲ್ಲಿ 'ಬರ್ತೀನಿ' ಅಂದರೆ ಯಾರು ಬೇಕಾದರೂ ಇರಬಹುದು. ಬಂದೆ, ನಿಂತೆ, ಕೇಳಿದೆ, ಹೊಡೆದೆ, ಬಿಟ್ಟು ನಡೆದೆ: ಯಾವುದರಲ್ಲೂ ಲಿಂಗವಿಲ್ಲ. 'ಅವಳು ಬಂದಳು' ಎಂದು ಇನ್ನೊಬ್ಬರು ಅವಳ ಬಗ್ಗೆ ಮಾತಾಡಿದಾಗಲೇ ಲಿಂಗ ಅಂಟಿಕೊಳ್ಳುವುದು. ನಮ್ಮ ಹಳ್ಳಿ ಮಾತಿನಲ್ಲಂತೂ ಎಷ್ಟೋ ಸಲ ಹುಡುಗಿ 'ಬಂತು', 'ಹೋಯ್ತು'. ಪ್ರೀತಿಯಿಂದ ಹಾಗನ್ನುತ್ತಾರೆ ಎಂಬುದು ನನಗೂ ಗೊತ್ತು, ನನ್ನನ್ನೂ ಹಾಗೇ ಕರೆದು ಸಾಕಿದ್ದಾರೆ. ಆದರೂ ಅಣ್ಣ 'ಬಂದ', ತಂಗಿ 'ಬಂತು' ಎಂಬ ವಾಕ್ಯವನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡು ನೋಡಿ. ಆ 'ಬಂತು'ವಿನಿಂದ 'ಬಂದೆ'ಗೆ ದಾಟಲು 43 ಸೆಕೆಂಡ್, ನಡುವೆ ಯಾರೂ ಬಾಯಿ ಹಾಕದ 43 ಸೆಕೆಂಡ್, ಸಿಗುವುದಾದರೆ ಅದು ನಮ್ಮ ಮನೆಗಳಲ್ಲಿ ಸುಲಭಕ್ಕೆ ಸಿಗದ ವಸ್ತು.

ಹಾಗಾದರೆ ತಡೆಯುವುದು ಯಾವುದು? ಮೊದಲನೆಯದು ಬೈಗುಳ. ಬ್ಯಾಟಲ್‌ಗಳಲ್ಲಿ ಎದುರಾಳಿಯನ್ನು ಹೀಗಳೆಯುವ 'ಡಿಸ್' ಆಟದ ಭಾಗ. ನಮ್ಮ ಭಾಷೆಯ ಬೈಗುಳದ ಬುಟ್ಟಿ ತೆಗೆದು ನೋಡಿ. ಗಂಡಸು ಗಂಡಸಿಗೆ ಬೈದರೂ ಏಟು ಬೀಳುವುದು ಅವನ ತಾಯಿಗೆ, ಅಕ್ಕನಿಗೆ, ಹೆಂಡತಿಗೆ. ಆ ವರ್ತುಲದಲ್ಲಿ ನಿಂತ ಹುಡುಗಿ ಅದೇ ಮಾತು ಎತ್ತಿಕೊಂಡರೆ ತನ್ನ ಮೈಗೇ ಹೊಡೆದುಕೊಂಡಂತೆ, ಎತ್ತಿಕೊಳ್ಳದಿದ್ದರೆ ಸಪ್ಪೆ ಅನ್ನಿಸಿಕೊಳ್ಳುತ್ತಾಳೆ. ಹೆಣ್ಣನ್ನು ಮುಟ್ಟದೆ ಎದುರಾಳಿಯನ್ನು ಕೆಡಹುವ ಹೊಸ ಬೈಗುಳಗಳನ್ನು ಈ ಹೆಣ್ಣುಮಕ್ಕಳು ಕಟ್ಟಬೇಕು. ಅದು ಭಾಷೆಗೇ ಮಾಡುವ ಸೇವೆ ಎಂದು ನಾನು ನಂಬಿದ್ದೇನೆ.

ಎರಡನೆಯದು ಕತ್ತಲು. ಸೈಫರ್‌ಗಳು ನಡೆಯುವುದು ಕಬ್ಬನ್ ಪಾರ್ಕಿನಂಥ ಕಡೆ, ಕೆಫೆಗಳಲ್ಲಿ, ಸಂಜೆ ಮೇಲೆ. ಯಲಹಂಕದ ಹುಡುಗಿ ಅಲ್ಲಿಗೆ ಹೋಗಿ ಬರಬೇಕಾದರೆ ಹೆಬ್ಬಾಳ ದಾಟಬೇಕು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ಅದೆಂಥ ದಾಟು ಎಂದು ಗೊತ್ತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಬಂದ ಮೇಲೆ ಬಸ್ಸಿನ ದುಡ್ಡಿಗೆ ಅಪ್ಪನ ಮುಂದೆ ಕೈಚಾಚುವುದು ತಪ್ಪಿತು. ಇದನ್ನು ಸಣ್ಣ ಮಾತೆಂದು ತಳ್ಳುವವರು ಅಪ್ಪನ ಮುಂದೆ ಕೈಚಾಚಿ ನಿಂತವರಲ್ಲ. ಆದರೆ ರಾತ್ರಿ ಎಂಟರ ನಂತರ ಬಸ್ಸಿಳಿದು ಮನೆವರೆಗಿನ ಹತ್ತು ನಿಮಿಷದ ನಡಿಗೆಗೆ ಯಾವ ಟಿಕೆಟ್ಟೂ ಇಲ್ಲ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯ ಹೊಸವರ್ಷದ ಗುಂಪಿನಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ್ದು, ಅದೇ ರಾತ್ರಿ ಕಮ್ಮನಹಳ್ಳಿಯಲ್ಲಿ ಮನೆಯ ಹತ್ತಿರವೇ ಒಬ್ಬ ಹೆಣ್ಣುಮಗಳ ಮೇಲೆ ಇಬ್ಬರು ಎರಗಿದ್ದು ಸಿಸಿಟಿವಿಯಲ್ಲಿ ಕಂಡದ್ದು ನಮ್ಮ ಕಡೆಯ ತಾಯಂದಿರು ಯಾರೂ ಮರೆತಿಲ್ಲ.

ಈ ಬೀದಿಯ ಪ್ರಶ್ನೆಯನ್ನು ಕಲೆಯಾಗಿ ಎತ್ತಿಕೊಂಡ ದೊಡ್ಡ ಪ್ರಯತ್ನವೊಂದು ನಮ್ಮ ಯಲಹಂಕದ ಸೃಷ್ಟಿ ಕಲಾ–ವಿನ್ಯಾಸ ಸಂಸ್ಥೆಯಿಂದಲೇ ಹೊರಟಿತು. 2003ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದ ಜಸ್ಮೀನ್ ಪಥೇಜಾ ಶುರುಮಾಡಿದ 'ಬ್ಲ್ಯಾಂಕ್ ನಾಯ್ಸ್', ಬೀದಿಯಲ್ಲಿ ಕಿರುಕುಳಕ್ಕೊಳಗಾದಾಗ ತೊಟ್ಟಿದ್ದ ಬಟ್ಟೆಗಳನ್ನು ಹೆಣ್ಣುಮಕ್ಕಳಿಂದ ಕೇಳಿ ಪಡೆಯಿತು. ಸಮವಸ್ತ್ರ, ಸಲ್ವಾರ್, ಸೀರೆ, ಎಲ್ಲವೂ ಅದರಲ್ಲಿ ಬಂದವು. ಬಟ್ಟೆ ಸರಿಯಿರಲಿಲ್ಲ ಎಂಬ ಮಾತಿಗೆ ಆ ಬಟ್ಟೆಗಳೇ ಸಾಕ್ಷಿ ನಿಂತವು. ಪಾರ್ಕುಗಳಲ್ಲಿ ಹೆಂಗಸರು ಹಗಲಲ್ಲಿ ನಿರ್ಭಯವಾಗಿ ಮಲಗಿ ನಿದ್ದೆ ಮಾಡುವ ಕಾರ್ಯಕ್ರಮವನ್ನೂ ಅದು ನಡೆಸಿತು. ಅಲ್ಲಿ ರ‍್ಯಾಪ್ ಇರಲಿಲ್ಲ. ಆದರೆ ನನ್ನ ಮಟ್ಟಿಗೆ ಬೀರುವಿನೊಳಗಿನ ಹುಡುಗಿ ಆ ಕೆಲಸದ ಮುಂದಿನ ಸಾಲನ್ನೇ ಬರೆಯುತ್ತಿದ್ದಾಳೆ.

ಮೂರನೆಯ ತಡೆ ಮನೆಯೊಳಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. 2019–21ರ ಸಮೀಕ್ಷೆಯಲ್ಲೇ 20ರಿಂದ 24ರ ಹೆಣ್ಣುಮಕ್ಕಳ ಪೈಕಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯ 2016ರಲ್ಲೇ ಕಾನೂನು ತಿದ್ದಿದ ಮೇಲೂ ಪರಿಸ್ಥಿತಿ ಹೀಗಿದೆ. ಇರಾನಿನಲ್ಲಿ ನಿರಾಶ್ರಿತಳಾಗಿದ್ದ ಆಫ್ಘನ್ ಹುಡುಗಿ ಸೋನಿತಾ ಅಲಿಜಾದೆ, ಮನೆಯವರು ತನ್ನನ್ನು ಮದುವೆಗೆ ಮಾರಲು ಹೊರಟಾಗ 2014ರಲ್ಲಿ ಮಾಡಿದ ರ‍್ಯಾಪ್ ವಿಡಿಯೋದಲ್ಲಿ ಮದುವಣಗಿತ್ತಿಯ ಉಡುಪು ತೊಟ್ಟು, ಹಣೆಯ ಮೇಲೆ ಬಾರ್‌ಕೋಡ್ ಬರೆದುಕೊಂಡು ನಿಂತಳು. ಅದನ್ನು ದೂರದೇಶದ ಸುದ್ದಿಯೆಂದು ನೋಡುವ ಅಧಿಕಾರ ನಮಗಿಲ್ಲ.

ಹಾಡಿನಿಂದ ಏನಾದೀತು ಎಂದು ಕೇಳುವವರಿಗೆ ಪಕ್ಕದ ತಮಿಳುನಾಡಿನ ಕೊಡೈಕೆನಾಲ್ ಉದಾಹರಣೆ ಇದೆ. ಅಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದಿಂದ ಕಾಯಿಲೆಬಿದ್ದೆವೆಂದು ಕಾರ್ಮಿಕರು ಹದಿನೈದು ವರ್ಷ ಹೋರಾಡುತ್ತಿದ್ದರು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಆ ವಿಷಯದ ಮೇಲೆ ಮಾಡಿದ ರ‍್ಯಾಪ್ ವಿಡಿಯೋ ದೇಶವನ್ನೂ ದಾಟಿ ಓಡಿತು. 2016ರ ಮಾರ್ಚಿನಲ್ಲಿ, ಆ ಕಾರ್ಖಾನೆ ನಡೆಸಿದ್ದ ಹಿಂದೂಸ್ತಾನ್ ಯೂನಿಲಿವರ್ ಕಂಪನಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಡೊಂದರಿಂದಲೇ ಇದಾಯಿತು ಎಂದರೆ ಆ ಹದಿನೈದು ವರ್ಷದ ಹೋರಾಟಕ್ಕೆ ಅವಮಾನ. ಆದರೆ ಯಾರೂ ಕೇಳಿಸಿಕೊಳ್ಳದಿದ್ದ ಮಾತಿಗೆ ಕಿವಿಗಳನ್ನು ಕೊಟ್ಟದ್ದು ಆ ಹಾಡು.

ಅದೇ 2016ರಲ್ಲಿ ನಮ್ಮ ಊರಿನಲ್ಲೂ ಒಂದು ದೊಡ್ಡ ದನಿ ಎದ್ದಿತ್ತು. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರ ಕಣ್ಣು, ಯಾರ ಸೊಂಟ ತಡೆಯುತ್ತದೆ? ನಲವತ್ತಕ್ಕೆಲ್ಲ ಕೆಲಸ ಬಿಡುವ ಹೆಂಗಸರಿಗೆ ಆ ದುಡ್ಡು ಮಗಳ ಕಾಲೇಜು ಫೀಸು, ಸೈಟಿನ ಮುಂಗಡ, ಸಾಲದ ಬಾಯಿಗೆ ತುತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಮಷೀನು ಬಿಟ್ಟೆದ್ದು ರಸ್ತೆಗಿಳಿದರು. ಅವರನ್ನು ಯಾವ ನಾಯಕರೂ ಕರೆದಿರಲಿಲ್ಲ. ಮೊದಲು ಹೊಸೂರು ರಸ್ತೆ, ಮರುದಿನ ನಮ್ಮ ಕಡೆಯ ಪೀಣ್ಯ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ. ಲಾಠಿ ಬಿತ್ತು, ಅಶ್ರುವಾಯು ಸಿಡಿಯಿತು. 19ರ ಸಂಜೆಗೆ ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ಇಡೀ ದೇಶದ ಕಾರ್ಮಿಕರ ದುಡ್ಡನ್ನು ಬೆಂಗಳೂರಿನ ಹೊಲಿಗೆಯ ಹೆಂಗಸರು ಎರಡೇ ದಿನದಲ್ಲಿ ಬಿಡಿಸಿಕೊಟ್ಟರು. ಈ ಸಂಗತಿ ಎಷ್ಟು ಪಠ್ಯಪುಸ್ತಕದಲ್ಲಿದೆ? ಯಾರ ನಾಲಿಗೆಯ ಮೇಲೆ ಹಾಡಾಗಿ ಕೂತಿದೆ? ಅವರ ಬಗ್ಗೆ ಆಗ ಪತ್ರಿಕೆಗಳಲ್ಲಿ ಹೆಚ್ಚು ಬಂದದ್ದು ಸುಟ್ಟ ಬಸ್ಸುಗಳ ಚಿತ್ರ.

ಕನ್ನಡದ ಹೆಣ್ಣು ಹಿಪ್‌ಹಾಪ್ ತನ್ನ ಹಾಡನ್ನು ಹುಡುಕಬೇಕಾದ್ದು ಈ ರಸ್ತೆಯಲ್ಲಿ ಎಂದು ನನಗನ್ನಿಸುತ್ತದೆ. ಕಂಪನಿಗಳು ಮಹಿಳಾ ದಿನಕ್ಕೆ ಬೇಕೆಂದು ಮಾಡಿಸುವ 'ನಾನು ರಾಣಿ, ನಾನು ಸಿಂಹಿಣಿ' ಹಾಡುಗಳು ಸಾಕಷ್ಟಾಗಿವೆ. ಅವುಗಳಲ್ಲಿ ಬಾಡಿಗೆ ಇಲ್ಲ, ಪಿಎಫ್ ಇಲ್ಲ, ಜಾತಿ ಕೇಳುವ ಮನೆಮಾಲೀಕರಿಲ್ಲ, ಸೂಪರ್‌ವೈಸರ್ ಇಲ್ಲ. ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಹುಟ್ಟಿದ್ದು ಒಂದು ಬಾಡಿಗೆ ಕಟ್ಟಡದ ಕೆಳಗಿನ ಕೋಣೆಯಲ್ಲಿ, ದುಡ್ಡಿಲ್ಲದವರ ಕೈಯಲ್ಲಿ. ಇಲ್ಲಿ ಮೈಕು ಮೊದಲು ಸಿಕ್ಕಿದ್ದು ಇಂಗ್ಲಿಷ್ ಬಲ್ಲ, ಸ್ಟುಡಿಯೋ ಇರುವ ಗೆಳೆಯರನ್ನು ಬಲ್ಲ ಮಕ್ಕಳಿಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ದಾರಿ ತೆರೆದರು. ಆ ದಾರಿಯಲ್ಲಿ ಗೊರಗುಂಟೆಪಾಳ್ಯದ ಹೆಲ್ಪರ್ ಹುಡುಗಿ, ಕಲಬುರಗಿಯಿಂದ ಬಂದು ಥಣಿಸಂದ್ರದ ಶೆಡ್ಡಿನಲ್ಲಿರುವ ಗಾರೆಕೆಲಸದವರ ಮಗಳು, ದಖನಿಯಲ್ಲಿ ಯೋಚಿಸಿ ಕನ್ನಡದಲ್ಲಿ ಜಗಳವಾಡುವ ನಾಗವಾರದ ಹುಡುಗಿ ನಡೆದು ಬರಬೇಕು. ಅವರಿಗೆ ಬೇಕಾದ್ದು ದೊಡ್ಡದೇನಲ್ಲ. ಭಾನುವಾರ ಬೀಗ ಹಾಕಿರುವ ವಾರ್ಡಿನ ಸಮುದಾಯ ಭವನದ ಒಂದು ಕೋಣೆ, ಹಗಲು ಹೊತ್ತಿನ ಎರಡು ಗಂಟೆ, ಒಂದು ಸ್ಪೀಕರ್. ಸಿಂಡಿ ಕ್ಯಾಂಪ್‌ಬೆಲ್ ಹಿಡಿದದ್ದೂ ಅಂಥದೇ ಒಂದು ಕೋಣೆ.

ಆ ಭಾನುವಾರ ಸಂಜೆ ಕಾಫಿ ಕುಡಿಯುತ್ತಾ ಮಗಳು ತಾಯಿಗೆ ಹಾಡನ್ನು ಪೂರ್ತಿ ಕೇಳಿಸಿದಳು, ಮೊಬೈಲಿನ ಸ್ಪೀಕರ್‌ನಲ್ಲೇ. ತಾಯಿ ನೆಲದ ಮೇಲೆ ಕಾಲು ನೀಡಿ ಕೂತು, ಮಂಡಿ ಒತ್ತಿಕೊಳ್ಳುತ್ತಾ ಕೇಳಿದರು. ಬಸ್‌ಸ್ಟಾಪಿನ ಸಾಲುಗಳಿಗೆ ಏನೂ ಅನ್ನಲಿಲ್ಲ, ಮುಖ ಮಾತ್ರ ಗಟ್ಟಿಯಾಯಿತು. ನೆಂಟರ ಸಾಲಿಗೆ ಸಣ್ಣಗೆ ನಕ್ಕರು. ಫ್ಯಾಕ್ಟರಿಯ ಭಾಗ ಬಂದಾಗ ಕೈಯೆತ್ತಿ, "ನಿಲ್ಸು, ನಿಲ್ಸು, ವಾಪಸ್ ಹಾಕು" ಅಂದರು. ಮಗಳು ಹಿಂದಕ್ಕೆ ಸರಿಸಿ ಮತ್ತೆ ಹಾಕಿದಳು.

"ಗುಂಡಿ ಹಚ್ಚೋಳು ಅಂತ ಯಾಕೆ ಹಾಕಿದೀಯ? ನಾನು ಗುಂಡಿ ಹಚ್ಚೋಳಲ್ಲ. ಹನ್ನೊಂದು ವರ್ಷದಿಂದ ಕಾಲರ್ ಹಾಕ್ತಿದೀನಿ. ನಮ್ ಲೈನಲ್ಲಿ ಕಾಲರ್ ಎಲ್ರಿಗೂ ಬರಲ್ಲ. ಅದನ್ನ ಸರಿ ಮಾಡು."

"ಅಮ್ಮಾ, ಗುಂಡಿ ಅಂದ್ರೆ ಪ್ರಾಸ ಕೂರತ್ತೆ."

"ಕೂರ್ಸು. ಕಾಲರ್‌ಗೂ ಕೂರ್ಸು."

ಹುಡುಗಿ ಲೋಟ ಕೆಳಗಿಟ್ಟು, ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮೇಲೆ ಗೀಟು ಎಳೆದಳು. ಸ್ವಲ್ಪ ಹೊತ್ತು ಬಾಯೊಳಗೇ ಏನನ್ನೋ ಗುನುಗಿ, ಬೆರಳಿಂದ ತೊಡೆಯ ಮೇಲೆ ನಾಲ್ಕು ನಾಲ್ಕು ಎಣಿಸಿದಳು. ಆಮೇಲೆ ಎದ್ದು ಹೋಗಿ ಬೀರುವಿನ ಬಾಗಿಲು ತೆರೆದಳು.